ಹನ್ನೊಂದಕ್ಕೊಂದು ಪಾಲು

ಮದುವೆಗೆ ಯಾರದಾದರೂ ಆಕ್ಷೇಪಣೆಯಿದೆಯೇ ಎಂದು ಮೂರು ಭಾನುವಾರ ಸಭೆಯ ಮುಂದೆ ಕೇಳುವುದು ಬೀದರಿನ ಆ ಹಳೆಯ ಮೆಥೊಡಿಸ್ಟ್ ಚರ್ಚಿನ ಪದ್ಧತಿ. ಬಸ್ಸಿನ ಕಂಡಕ್ಟರು 'ಇಳಿಯೋರು ಯಾರದೀರಿ' ಎಂದು ಕೂಗಿ ಉತ್ತರಕ್ಕೆ ಕಾಯದೆ ಸೀಟಿ ಊದುವಂತೆ, ಪಾದ್ರಿಗಳು ಕೇಳಿ ಮುಂದಿನ ಪುಟಕ್ಕೆ ಹೋಗಿಬಿಡುತ್ತಿದ್ದರು. ಸ್ಯಾಮ್ಸನ ಮತ್ತು ನವೊಮಿಯ ಮದುವೆಯನ್ನು ಮೂರನೆಯ ಸಲ ಪ್ರಕಟಿಸಿದ ದಿನ ಮಾತ್ರ ಹಿಂದಿನ ಬೆಂಚಿನಿಂದ ಒಂದು ಕೈ ಮೇಲೆದ್ದಿತು.

"ನಂದೊಂದದರಿ," ಎಂದರು ಸಭೆಯ ಹಿರಿಯ ಡೇವಿಡ ಕಾಕಾ.

ಸ್ಯಾಮ್ಸನ ಹಿಂದೆ ತಿರುಗಿ ನೋಡಿದ. ಅವನು ಔರಾದಿನ ಸಾಲೆಯೊಂದರಲ್ಲಿ ಟೆಂಪರರಿ ಗಣಿತ ಮಾಸ್ತರ. ಭಾಲ್ಕಿಯ ದವಾಖಾನೆಯಲ್ಲಿ ನರ್ಸಾಗಿದ್ದ ನವೊಮಿಯನ್ನು ಕೇಳಿಕೊಂಡು ಅವಳ ತಾಯಿ ಫ್ಲಾರೆನ್ಸಬಾಯಿಯ ಮನೆಗೆ ಮೂರು ವರ್ಷ ಅಲೆದಿದ್ದ. ಮೂರು ವರ್ಷವೂ ಆಕೆ ಚಹಾ ಕೊಟ್ಟಿದ್ದರು, ಉತ್ತರ ಕೊಟ್ಟಿರಲಿಲ್ಲ. ಹೋದ ತಿಂಗಳು ಒಮ್ಮೆಲೇ "ಆಗ್ಲಿ, ಲಗೂನ ಮುಗಿಸ್ರಿ" ಎಂದಿದ್ದರು. ಮದುವೆ ಬರುವ ಗುರುವಾರ.

"ಏನ್ರಿ ಆಕ್ಷೇಪಣಿ?" ಎಂದರು ಪಾದ್ರಿಗಳು.

"ಈ ಇಪ್ಪತ್ತೆಂಟಕ್ಕ ಕರ್ತ ಬರ್ತಾನ, ಲೋಕ ಮುಗೀತದ. ಹೋದ ತಿಂಗಳು ಹೈದರಾಬಾದಿಂದ ಬಂದ ಬೋಧಕರು ಹೇಳಿ ಹೋಗ್ಯಾರ. ನೋಹನ ಕಾಲದಾಗೂ ಜನ ಹಿಂಗೇ ಮದುವಿ ಮಾಡ್ಕೋತ ಕುಂತಿದ್ರು, ಪ್ರಳಯ ಬಂತು. ಉಳಿದಿದ್ದು ಹತ್ತೇ ದಿನ. ಉಪವಾಸ ಮಾಡೋದು ಬಿಟ್ಟು ಊಟದ ಪಂಕ್ತಿ ಹಾಕೋದೇನ್ರಿ?"

ಯಾರೂ ನಗಲಿಲ್ಲ. ಮಳೆ ಕೈಕೊಟ್ಟ ಮೂರನೆಯ ವರ್ಷ. ಅರ್ಧ ಬೆಂಚುಗಳು ಖಾಲಿಯಿದ್ದವು. ಅಲ್ಲಿ ಕೂಡುವವರು ದುಡಿಯಲೆಂದು ಹೈದರಾಬಾದು, ಪುಣೆ ಸೇರಿದ್ದರು. ಒಬ್ಬನು ಒಯ್ಯಲ್ಪಡುವನು, ಇನ್ನೊಬ್ಬನು ಬಿಡಲ್ಪಡುವನು ಎಂಬ ಬೈಬಲ್ ವಚನ ಬೀದರಿನ ಬಸ್‌ಸ್ಟ್ಯಾಂಡಿನಲ್ಲಿ ದಿನಾಲೂ ನೆರವೇರುತ್ತಿತ್ತು.

ಪಾದ್ರಿಗಳಿಗೆ ಕರ್ತನ ಜೊತೆಗೂ ಜಗಳ ಬೇಡ, ಡೇವಿಡ ಕಾಕಾನ ಜೊತೆಗೂ ಬೇಡ. "ಆಕ್ಷೇಪಣಿ ಬಿತ್ತಂದ್ರ ಉತ್ತರ ಆಗ್ಬೇಕು. ಇವತ್ತೇ ತೀರಿಸ್ಕೋರಿ. ಇಲ್ಲಂದ್ರ ಗುರುವಾರ ನಾ ಬರೂದಿಲ್ಲ," ಎಂದುಬಿಟ್ಟರು.

ಆರಾಧನೆ ಮುಗಿದದ್ದೇ ಸಭೆ ಬೇವಿನ ಮರದಡಿ ಸೇರಿತು. ಸ್ಯಾಮ್ಸನ ಮಾತು ಕಡಿಮೆಯ ಮನುಷ್ಯ. ಲೆಕ್ಕ ಬಂದಾಗ ಮಾತ್ರ ಅವನ ಬಾಯಿ ತೆರೆಯುತ್ತಿತ್ತು.

"ಕಾಕಾ, ಬೋಧಕರು ಕರ್ತ ಬರೋದಕ್ಕ ಎಷ್ಟು ಗುರುತು ಹೇಳ್ಯಾರ್ರಿ?"

"ಏಳು. ಬರ, ಭೂಕಂಪ, ಯುದ್ಧ, ರೋಗ, ಮಿಡತಿ, ಜನ ಚದರೋದು, ಪ್ರೀತಿ ತಣ್ಣಗಾಗೋದು."

ಸ್ಯಾಮ್ಸನ ಕಡ್ಡಿ ಹಿಡಿದು ಮಣ್ಣಿನಲ್ಲಿ ಬರೆದ. "ಒಂದೊಂದೂ ನಾಣ್ಯ ಚಿಮ್ಮಿದಂಗ ಅನ್ಕೋರಿ, ಆದ್ರ ಆಯ್ತು, ಇಲ್ಲಂದ್ರ ಇಲ್ಲ. ಏಳೂ ಕೂಡಿ ಆಗೋದು ನೂರಿಪ್ಪತ್ತೆಂಟಕ್ಕ ಒಂದೇ ಸಲ. ಅಷ್ಟು ಅಪರೂಪ!"

"ಏಳೂ ಆಗ್ಯಾವಲ್ಲೋ ತಮ್ಮಾ!" ಕಾಕಾ ಕುಣಿದೇಬಿಟ್ಟರು. "ಅಷ್ಟು ಅಪರೂಪದ್ದು ತಾನಾಗೇ ಆಗ್ತದೇನು? ಇದು ಕರ್ತನ ಕೈನೇ! ಕೇಳಿದ್ರ್ಯಾ ಎಲ್ಲಾರೂ, ಮಾಸ್ತರ ಲೆಕ್ಕ ಹಾಕಿ ಹೇಳ್ಯಾನ!"

ಹೆಂಗಸರು ತಲೆಯ ಮೇಲೆ ಸೆರಗು ಎಳೆದುಕೊಂಡರು. ಸ್ಯಾಮ್ಸನನಿಗೆ ತಾನು ಮೇಯಿಸಿದ ಹೋರಿಯೇ ತನ್ನನ್ನು ಹಾಯ್ದಂತಾಯಿತು. ಅವನು ಬರೆದದ್ದನ್ನು ಕಾಲಿನಿಂದ ಒರೆಸಿ ಬೇರೆ ದಾರಿ ಹಿಡಿದ.

"ಕಾಕಾ, ಇಲ್ಲೀತನಕ ಇಂಥ ತಾರೀಕು ಎಷ್ಟು ಕಾದೀರಿ?"

ಡೇವಿಡ ಕಾಕಾ ಸುಳ್ಳು ಹೇಳುವವರಲ್ಲ. ಬೆರಳು ಮಡಿಚಿ ಎಣಿಸಿದರು. "ಒಂಬತ್ತು. ಒಮ್ಮಿ ಅಂತೂ ಇನ್ಯಾಕ ಅಂತ ಸಾಕಿದ ಕೋಳಿ ಎಲ್ಲಾ ಹಂಚಿಬಿಟ್ಟಿದ್ದೆ."

"ಒಂಬತ್ತೂ ಸುಳ್ಳಾದ್ವು. ಹತ್ತನೇದು ಖರೇ ಆಗೋ ಸಂಭವ ಎಷ್ಟು ಅನ್ನೋದಕ್ಕ ಒಂದು ಸೂತ್ರ ಅದರಿ. ಒಂಬತ್ತಕ್ಕ ಎರಡು ಕೂಡಸ್ರಿ, ಹನ್ನೊಂದಕ್ಕ ಒಂದು ಪಾಲು."

"ಒಂದೂ ಇಲ್ಲ ಅನ್ನು, ಈಗಿಂದೀಗ ಕೈ ಇಳಸ್ತೇನಿ."

"ಹಂಗ ಅನ್ಲಿಕ್ಕ ಬರೂದಿಲ್ಲರಿ," ಎಂದ ಸ್ಯಾಮ್ಸನ. ಅವನೂ ಸುಳ್ಳು ಹೇಳುವವನಲ್ಲ. "ಆದ್ರ ಹನ್ನೊಂದಕ್ಕ ಒಂದು ಸಲ ಬರೋದು ಇವತ್ತೇ ಬರ್ತದಂತ ಯಾರಾದ್ರೂ..."

ಓಣಿಯ ತಿರುವಿನಲ್ಲಿ ನೀರಿನ ಟ್ಯಾಂಕರಿನ ಹಾರ್ನ್ ಕೇಳಿತು. ಅಂತ್ಯಕಾಲದ ತುತೂರಿಗೂ ಸಭೆ ಅಷ್ಟು ಬೇಗ ಏಳುತ್ತಿರಲಿಲ್ಲ. ಚಪ್ಪಲಿ ಒಂದು ಕಡೆ, ಬೈಬಲ್ ಒಂದು ಕಡೆ, ಗೋಡೆಗೆ ಇಟ್ಟಿದ್ದ ಕೊಡ ಎತ್ತಿಕೊಂಡು ಎಲ್ಲರೂ ಓಡಿದರು. ಸ್ಯಾಮ್ಸನ ಕಡ್ಡಿ ಹಿಡಿದುಕೊಂಡೇ ಹಿಂದೆ ಓಡಿದ. ಪಾದ್ರಿಗಳೂ ಒಂದು ಬಕೀಟು ಹಿಡಿದು ಬಂದರು.

ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಂತಿದ್ದವರು ಎದುರುಮನೆಯ ಇಮಾಮಬೀ. ಕಂಪೌಂಡಿನ ಮಾತೆಲ್ಲ ಗೋಡೆಯಾಚೆಯಿಂದ ಕೇಳಿಸಿಕೊಂಡಿದ್ದರು. "ಮಾಸ್ತರಸಾಬ್, ಈ ಟ್ಯಾಂಕರ್ ಭೀ ಹನ್ನೊಂದು ದಿನಕ್ಕ ಒಮ್ಮಿ ಬರ್ತದ. ಆದ್ರ ದಿನಾ ಕೊಡ ಇಡ್ತೇವಿಲ್ಲ? ಇಡಲಾರದ ದಿನಾನೇ ಬರ್ತದ, ಕಂಬಖ್ತ್!"

"ನೋಡು!" ಎಂದರು ಕಾಕಾ. "ಟ್ಯಾಂಕರಿಗೆ ಕೊಡ ಇಡೋರು ಕರ್ತನಿಗೆ ಇಡಬಾರದೇನು?"

ಸ್ಯಾಮ್ಸನ ಇಮಾಮಬೀಯ ಕಡೆ ತಿರುಗಿದ. "ಖಾಲಾ, ಕೊಡ ಇಟ್ಟು ನೀವೇನ್ ಮಾಡ್ತೀರಿ?"

"ಮನಿಗಿ ಹೋಗಿ ರೊಟ್ಟಿ ಬಡೀತೇನಿ. ಟ್ಯಾಂಕರ್ ಬರ್ತದಂತ ಒಲಿ ಆರಿಸ್ಲೇನು?"

"ಕೇಳಿದ್ರ್ಯಾ ಕಾಕಾ? ಕೊಡ ಇಡೋಣ, ಪ್ರಾರ್ಥನಿ ಮಾಡೋಣ. ಒಲಿ ಮಾತ್ರ ಆರಿಸೋದು ಬ್ಯಾಡ. ಹನ್ನೊಂದರಾಗ ಹತ್ತು ಪಾಲು ಇಪ್ಪತ್ತೊಂಬತ್ತನೇ ತಾರೀಕು ಬರ್ತದ. ಹಾಲಿನವ ಬರ್ತಾನ, ಸಾಲಿ ಗಂಟಿ ಹೊಡೀತಾರ. ಇನ್ನೂ ಇಪ್ಪತ್ತು ವರ್ಷ ಇದೇ ಲೋಕ, ಇದೇ ಸಂಸಾರ!"

ಇಷ್ಟು ಉದ್ದದ ಮಾತನ್ನು ಅವನು ಆಡಿದ್ದು ಜೀವನದಲ್ಲಿ ಅದೇ ಮೊದಲು. ಸಾಲಿನಲ್ಲಿ ತಲೆಗಳು ಆಡಿದವು. ಕಾಕಾ ದೀರ್ಘವಾಗಿ ಉಸಿರು ಬಿಟ್ಟರು. "ಆ ಕೋಳಿ ಹಂಚಬಾರದಿತ್ತು," ಎಂದು ತಮಗೆ ತಾವೇ ಅಂದುಕೊಂಡು, "ಪಾದ್ರಿಗಳೇ, ಆಕ್ಷೇಪಣಿ ವಾಪಸ್ ತಗೊಂಡೆರಿ," ಎಂದರು.

ಸಾಲಿನಲ್ಲಿ ಮಗಳ ಜೊತೆ ನಿಂತಿದ್ದ ಫ್ಲಾರೆನ್ಸಬಾಯಿ ತಮ್ಮ ಕೊಡವನ್ನು ಕೆಳಗಿಟ್ಟರು.

"ಅಂದ್ರ ಇಪ್ಪತ್ತೊಂಬತ್ತು ಬರ್ತದಂತೀರಿ?"

"ಬರ್ತದರಿ, ಅತ್ತಿ." ಹಾಗೆ ಕರೆಯುವಷ್ಟು ಧೈರ್ಯ ಅವನಿಗೆ ಆಗ ಬಂದಿತ್ತು.

"ಇಪ್ಪತ್ತು ವರ್ಷ ಹಿಂಗೇ ನಡೀತದ?"

"ಪಕ್ಕಾರಿ."

"ಹಂಗಾದ್ರ ಪಾದ್ರಿಗಳೇ, ನಂದೊಂದು ಆಕ್ಷೇಪಣಿ ಬರ್ಕೋರಿ." ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ. "ಕರ್ತನ ಮುಂದ ಮಗಳು ಒಬ್ಬಾಕಿ ನಿಲ್ಲಬಾರದು, ನಾಲ್ಕೆಂಟು ದಿನದ ಮಾತು, ಟೆಂಪರರಿ ಆದ್ರೇನು ಅಂತ ಹೂಂ ಅಂದಿದ್ದೆ. ಇಪ್ಪತ್ತು ವರ್ಷ ಬಾಳ್ವಿ ಮಾಡೋದದ ಅಂದ್ಮ್ಯಾಲ ಪರ್ಮನೆಂಟ್ ನೌಕರಿ ಇದ್ದವನನ್ನೇ ನೋಡ್ಬೇಕಲ್ರಿ?"

ಪಾದ್ರಿಗಳು ತಮ್ಮ ಬಕೀಟನ್ನು ಪೈಪಿನಡಿ ಸರಿಸಿದರು.

ನವೊಮಿ ತಾಯಿಯ ಕೊಡವನ್ನು ಎತ್ತಿ ಸೊಂಟಕ್ಕಿಟ್ಟುಕೊಂಡಳು. ಸ್ಯಾಮ್ಸನನನ್ನು ದಾಟಿ ಹೋಗುವಾಗ ಒಂದು ಗಳಿಗೆ ನಿಂತಳು.

"ಇಪ್ಪತ್ತು ವರ್ಷ ಅಂತ ಯಾಕಂದ್ರಿ, ಮಾಸ್ತರ್ರೇ? ಗುರುವಾರದ ಮಟ ಅಂದಿದ್ರ ಸಾಕಾಗಿತ್ತಲ್ರಿ!"