ಗುರುಪಾದನ ಒಣ ಗಾಡಿ

ಮಾರಲಿಟ್ಟ ಬೈಕು ತೊಳೆದದ್ದೇ ತಪ್ಪಾಯಿತು ಎಂದು ಗುರುಪಾದನಿಗೆ ಹೊಳೆಯುವ ಹೊತ್ತಿಗೆ ಗಾಡಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಕೊಳ್ಳುವವನು ಕಾಂದಿವಲಿಯಲ್ಲಿ ಲೋಕಲ್ ರೈಲು ಹತ್ತಿಯಾಗಿತ್ತು.

ಹಿಂದಿನ ವಾರ ಕುರ್ಲಾದ ಅವನ ಚಾಳಿನ ವಠಾರಕ್ಕೆ ಮಳೆ ನೀರು ನುಗ್ಗಿತ್ತು. ಅಂದಿನಿಂದ ಆ ಕಡೆಯ ಹಳೇ ಗಾಡಿ ಎಂದರೆ ಜನ ಮೂಗು ಮುರಿಯುತ್ತಿದ್ದರು. ಗುರುಪಾದನ ಗಾಡಿ ಮಾತ್ರ ಮುಳುಗಿರಲಿಲ್ಲ. ನೀರು ಏರುವ ಮೊದಲೇ ಅದನ್ನು ಸೇತುವೆಗೆ, ಆ ಎತ್ತರದ ಪುಲ್ ಮೇಲೆ ಒಯ್ದು ನಿಲ್ಲಿಸಿ, ತಾನು ತೋಯ್ದು ತೊಪ್ಪೆಯಾಗಿ ಕಾವಲು ಕಾದಿದ್ದ. ಆದರೆ ಈಗ ಸೀಟಿನಡಿಯಿಂದ ನೀರು ಸುರಿಯುವುದನ್ನು ಕಂಡವರು ಈ ಮಾತು ನಂಬಿಯಾರೇ?

"ನಿಂತು ನೋಡ್ತೀರೇನು? ಲಗೂನ ಒರಸ್ರಿ!" ಎಂದಳು ಹೆಂಡತಿ ಶಿವಕುಮಾರಿ. ಗಾಡಿ ಮಾರಿದ ದುಡ್ಡಿನಲ್ಲಿ ಅವಳಿಗೆ ಹೊಲಿಗೆ ಮಿಷನ್ ಬರಬೇಕಿತ್ತು. ಸಂಜೆಯೊಳಗೆ ದುಡ್ಡು ಬರದಿದ್ದರೆ ಮಿಷನ್ ಬೇರೆಯವರಿಗೆ ಕೊಡುತ್ತೇನೆಂದು ಅಂಗಡಿಯವನು ಹೇಳಿಬಿಟ್ಟಿದ್ದ.

ಗುರುಪಾದ ಹಳೇ ಬನಿಯನ್ ಹಿಡಿದು, ಬಾಣಂತಿ ಕೂಸಿನ ಮೈ ಒರೆಸುವಂತೆ ಟ್ಯಾಂಕು ಒರೆಸಿದ. ಚೈನಿನ ಒಂದೊಂದು ಕೊಂಡಿಯನ್ನೂ ತಿಕ್ಕಿ ಎಣ್ಣೆ ಹಚ್ಚಿದ. ಎಂಜಿನ್ ಚಾಲೂ ಮಾಡಿ ಸೈಲೆನ್ಸರಿನ ನೀರು ಹಾರಿಸಿದ. ಸ್ವಿಚ್ಚಿನ ಸಂದಿಗೆ ಬಟ್ಟೆ ಹೋಗಲಿಲ್ಲ. ಪಕ್ಕದ ಖೋಲಿಯ ಸಪ್ನಾಳಿಂದ ಕೂದಲು ಒಣಗಿಸುವ ಡ್ರೈಯರ್ ಇಸಿದುಕೊಂಡು ಹಚ್ಚಿದ. ಫಟ್ ಎಂದಿತು. ಇಡೀ ಚಾಳಿನ ಕರೆಂಟು ಹೋಯಿತು.

ಟೀವಿ ಬಿಟ್ಟು ಹೊರಬಂದ ಜನ ಗಾಡಿಯ ಸುತ್ತ ನೆರೆದರು. ಎದುರು ಖೋಲಿಯ ಗಾರೆ ಕೆಲಸದ ಮರೆಪ್ಪ ಕಣ್ಣು ಕಿರಿದು ಮಾಡಿದ. "ಏನಲೇ ಗುರ್ಯಾ, ಹೊರಗ ತೊಳದ್ರ ಒಳಗ್ಯಾಕ ಒಣಗಸ್ಲಾಕತ್ತೀ? ಖರೇ ಹೇಳು, ಅವತ್ತು ನಿನ್ನ ಗಾಡಿ ಎಲ್ಲಿತ್ತು?"

"ಪುಲ್ ಮ್ಯಾಲಿತ್ತು ಮಾರಾಯಾ!"

"ಯಾರು ನೋಡ್ಯಾರ?"

ಯಾರೂ ನೋಡಿರಲಿಲ್ಲ. ಎಲ್ಲರೂ ತಮ್ಮ ತಮ್ಮ ಗಂಟುಮೂಟೆ ಅಟ್ಟಕ್ಕೆ ಏರಿಸುತ್ತಿದ್ದರು.

ಅಷ್ಟರಲ್ಲಿ ಹಿತೇಶ್ ಬಂದ. ಕಾಂದಿವಲಿಯ ಉಡುಪಿ ಹೋಟೆಲಿನ ಕ್ಯಾಷಿಯರ್. ನೋಟನ್ನು ಬೆಳಕಿಗೆ ಹಿಡಿದು ನೋಡಿ ನೋಡಿ ಮನುಷ್ಯರನ್ನೂ ಹಾಗೇ ನೋಡುವುದು ರೂಢಿಯಾಗಿತ್ತು. ಸೀಟು ಎತ್ತಿದ, ಸೈಲೆನ್ಸರಿಗೆ ಬೆರಳು ಹಾಕಿದ, ಬೆರಳು ಮೂಸಿದ.

"ಎಂತ ಮಾರಾಯ್ರೆ, ಮಳೆಗಾಲದಲ್ಲಿ ಗಾಡಿಯಲ್ಲಿ ಒಂದು ಹನಿ ನೀರಿಲ್ಲ?"

"ಚಲೋ ಒಣಗಿಸೀನ್ರಿ," ಎಂದ ಗುರುಪಾದ ಹೆಮ್ಮೆಯಿಂದ.

"ಪಾಪ, ಮುಂಜಾನಿಂದ ಒಳಗಿನ ನೀರು ತಗೀಲಾಕತ್ತಾನ್ರಿ!" ಎಂದು ಮೇಲಿನ ಗ್ಯಾಲರಿಯಿಂದ ನೀಲಾಬಾಯಿ ಮುದುಕಿ ಕೂಗಿದಳು. ಅವಳು ಉಪಕಾರಕ್ಕೆಂದೇ ಹೇಳಿದ್ದು.

ಹಿತೇಶನ ಹುಬ್ಬು ಮೇಲೇರಿತು. "ಹಾಗಾದ್ರೆ ಮುಳುಗಿದ್ದು."

ಗುರುಪಾದ ಪುಲ್ಲಿನ ಕತೆ ಹೇಳಿದ, ಆಣೆ ಇಟ್ಟ, ಶಿವಕುಮಾರಿಯಿಂದಲೂ ಆಣೆ ಇಡಿಸಿದ. ಒಬ್ಬರಿಗೆ ಇಬ್ಬರು ಆಣೆ ಇಟ್ಟದ್ದು ಹಿತೇಶನಿಗೆ ಇನ್ನಷ್ಟು ಅನುಮಾನ ತಂದಿತು. ಅವನ ಕಣ್ಣು ಗೋಡೆಗೊರಗಿದ್ದ ಇನ್ನೊಂದು ಗಾಡಿಯ ಮೇಲೆ ಬಿತ್ತು. ಮೈತುಂಬ ಒಣಗಿದ ಕೆಸರು.

"ಅದು ಯಾರದ್ದು?"

"ನಂದ್ರಿ," ಎಂದ ಮರೆಪ್ಪ. "ಪೂರಾ ಮುಳುಗಿತ್ತು. ಹ್ಯಾಂಡಲ್ ಅಷ್ಟೇ ಕಾಣ್ತಿತ್ತು. ಅವತ್ತಿಂದ ಚಾಲೂ ಆಗಿಲ್ಲ."

ಹಿತೇಶನ ಮುಖ ಅರಳಿತು. "ನೋಡಿ! ಮುಳುಗಿದ್ದನ್ನು ಮುಳುಗಿತ್ತು ಅಂತ ಹೇಳುವವರು ಈ ಮುಂಬಯಿಯಲ್ಲಿ ಎಷ್ಟು ಜನ ಇದ್ದಾರೆ? ರೇಟು ಹೇಳಿ. ರಿಪೇರಿ ನಾನು ಮಾಡಿಸಿಕೊಳ್ತೇನೆ."

ಶಿವಕುಮಾರಿ ಗಂಡನ ಪಕ್ಕೆಗೆ ತಿವಿದಳು. ಮಿಷನ್ ಕೈತಪ್ಪುವುದು ಕಂಡು ಗುರುಪಾದನ ಬಾಯಿಂದ ಮಾತು ತಾನಾಗಿ ಹಾರಿತು: "ನಂದೂ ಮುಳುಗಿತ್ರೀ!"

ಶಿವಕುಮಾರಿ ಹಣೆ ಬಡಿದುಕೊಂಡಳು.

"ನಾನು ಹೇಳಿದ್ದಲ್ವಾ?" ಹಿತೇಶ್ ಸುತ್ತ ನಿಂತವರ ಕಡೆ ತಿರುಗಿದ. "ಇಷ್ಟು ಹೊತ್ತು ದೇವರ ಮೇಲೆ ಆಣೆ ಇಟ್ಟದ್ದು ಇದೇ ಜನ!"

ಮರೆಪ್ಪನ ಗಾಡಿ ಅಲ್ಲೇ ಮಾರಾಟವಾಯಿತು. ಶಿವಕುಮಾರಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಹಿತೇಶ್ ಕಿಕ್ ಹೊಡೆದ. ಹೊಡೆದೇ ಹೊಡೆದ. ಗಾಡಿ ಕೆಮ್ಮಲೂ ಇಲ್ಲ. ಅವನು ಮುಖ ಒರೆಸಿಕೊಂಡು ಗುರುಪಾದನ ಬಳಿ ಬಂದ. "ಅಣ್ಣಾ, ಬೇಜಾರು ಮಾಡ್ಕೋಬೇಡಿ. ಕಾಂದಿವಲಿಯಲ್ಲಿ ನನ್ನ ಗುರ್ತದ ಮೆಕ್ಯಾನಿಕ್ ಇದ್ದಾನೆ. ಅಲ್ಲಿವರೆಗೆ ನಿಮ್ಮ ಗಾಡಿಯಲ್ಲಿ ಕೂತು ಇದನ್ನು ಹಿಂದಿನಿಂದ ಕಾಲಲ್ಲಿ ನೂಕಿಕೊಂಡು ಬರ್ತೀರಾ?"

ಮುಚ್ಚಿದ ಬಾಗಿಲು ತಟ್ಟುವುದಕ್ಕಿಂತ ಕಾಂದಿವಲಿಯೇ ಹತ್ತಿರ ಎನಿಸಿತು ಗುರುಪಾದನಿಗೆ. ಹೊರಟ. ಸತ್ತ ಗಾಡಿಯ ಮೇಲೆ ಹಿತೇಶ್ ಮುಂದೆ. ಅದರ ಕಾಲಿಡುವ ಪಾವಟಿಗೆಗೆ ಒಂದು ಕಾಲು ಒತ್ತಿಕೊಂಡು ಗುರುಪಾದ ತನ್ನ ಗಾಡಿಯ ಮೇಲೆ ಹಿಂದೆ. ಮಳೆ ಹಿಡಿದುಕೊಂಡಿತು. ಗುಂಡಿ ಗುಂಡಿಗೂ ಕೆಸರು ಎದ್ದು ಟ್ಯಾಂಕು, ಚೈನು, ಸ್ವಿಚ್ಚು ಒಂದನ್ನೂ ಬಿಡದೆ ರಾಚಿತು. ಅವನ ಗಾಡಿ ಮಾತ್ರ ಎರಡು ಗಾಡಿಯ ಭಾರ ಹೊತ್ತು ಗುಡುಗುತ್ತ ಓಡಿತು.

ಸಿಗ್ನಲ್ಲಿನಲ್ಲಿ ನಿಂತಾಗ ಹಿತೇಶ್ ಹಿಂತಿರುಗಿ ಮೆಲ್ಲಗೆ ಹೇಳಿದ:

"ನಿಮ್ಮ ಎಂಜಿನ್ ಭಾರೀ ಚೆಂದ ಉಂಟು ಅಣ್ಣಾ. ಮುಳುಗಿದ ಗಾಡಿ ಹೀಗೆ ಓಡ್ಲಿಕ್ಕಿಲ್ಲ. ನಿಜ ಹೇಳಿ, ಯಾರ ಗಾಡಿ ಇದು?"