ಜಡೆ ಹಾಕಿದ ಎಮ್ಮೆ ಮತ್ತು ‘ಗೀಚು’ ಎಂಬ ಪದ

ದಾಂಡೇಲಿಯ ವಾಚನಾಲಯದ ಮೇಲಿನ ಹಲಗೆಯಲ್ಲಿ ಬಹುಕಾಲದಿಂದ ವಿಶ್ರಾಂತಿ ಪಡೆಯುತ್ತಿರುವ ದಪ್ಪ ನಿಘಂಟು ಮಹಾಶಯರಿಗೆ,

ಮಾನ್ಯರೇ, ಕೋಗಿಲಬನದ ನಿರ್ಮಲಾ ತಲೆಬಾಗಿ ಮಾಡುವ ನಮಸ್ಕಾರಗಳು. ನಾಲ್ಕನೇ ಇಯತ್ತೆ ಓದಿದವಳು ತಮ್ಮಂಥ ಪಂಡಿತರಿಗೆ ಪತ್ರ ಬರೆಯುವುದು ಹೆಚ್ಚಾಯಿತು. ಎದುರು ನಿಂತು ಕೇಳಲು ನಾಚಿಕೆಯಾಗುವುದರಿಂದ ಬರೆಯುತ್ತಿದ್ದೇನೆ.

‘ಗೀಚು’ ಎಂದರೆ ‘ಅರ್ಥವಿಲ್ಲದೆ ಗೆರೆ ಎಳೆ’ ಎಂದು ತಾವು ಅಪ್ಪಣೆ ಕೊಡಿಸಿದ್ದೀರಿ. ಆ ಅರ್ಥವನ್ನು ಹಳಿಯಾಳದವರು ಒಪ್ಪದ ಕಾರಣ ನನ್ನ ಲಗ್ನ ನಿಂತುಹೋಗುವ ಹಾಗಾಗಿದೆ.

ಕಳೆದ ರವಿವಾರ ಅಲ್ಲಿಂದ ನನ್ನನ್ನು ನೋಡಲು ಬಂದಿದ್ದರು. ಹುಡುಗ ಬಾಳೇಶ ಸುಮ್ಮನೆ ಕುಳಿತಿದ್ದರು. ನೋಡುವ ಕೆಲಸವನ್ನೆಲ್ಲ ಅವರ ಕಾಕಾ ಸಾತಪ್ಪನವರೇ ವಹಿಸಿಕೊಂಡಿದ್ದರು. ನಡೆದು ತೋರಿಸು ಎಂದರು, ನಡೆದೆ. ನಕ್ಕು ತೋರಿಸು ಎಂದರು, ಹಲ್ಲು ಕಾಣುವಷ್ಟು ನಕ್ಕೆ. ಅಕ್ಷರ ನೋಡಬೇಕೆಂದು ಜೇಬಿನಿಂದ ಪೆನ್ನು ತೆಗೆದುಕೊಟ್ಟು, ಅವಲಕ್ಕಿ ತಟ್ಟೆಯ ಕೆಳಗೆ ಹಾಸಿದ್ದ ಪೇಪರಿನ ಅಂಚಿನಲ್ಲಿ ಹೆಸರು ಬರೆಸಿದರು. ಬರೆದ ಮೇಲೆ ಪೆನ್ನನ್ನು ಯಾರೂ ಕೇಳಲಿಲ್ಲ. ಹಿರಿಯರ ಮಾತು ಲಗ್ನದ ಊಟಕ್ಕೆ ಹೋಗಿತ್ತು, ತಲೆ ತಗ್ಗಿಸಿ ಕುಳಿತ ನನ್ನ ಕೈ ಗೀಚತೊಡಗಿತು. ಕೈ ನಿಂತಾಗ ಅಲ್ಲೊಂದು ಎಮ್ಮೆಯಿತ್ತು. ರುಮಾಲು ಸುತ್ತಿ ಕನ್ನಡಕ ಹಾಕಿದ ಒಬ್ಬರು ಅದರ ಬಾಯಿ ಅಗಲಿಸಿ ಹಲ್ಲು ನೋಡುತ್ತಿದ್ದರು.

ಅದು ಸಾತಪ್ಪನವರ ಕಣ್ಣಿಗೆ ಬಿತ್ತು. ಅವ್ವ, ನಿಘಂಟು ಮಹಾಶಯರೇ, ತಮ್ಮ ಪಕ್ಷವನ್ನೇ ಹಿಡಿದಳು: “ಅದಕ್ಕ ಅರ್ಥ ಗಿರ್ಥ ಏನೂ ಇಲ್ರಿ ಅಣ್ಣಾರ, ಸುಮ್ನ ಗೀಚ್ಯಾಳ.”

ಸಾತಪ್ಪನವರು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. “ಅರ್ಥ ಇಲ್ಲಂದ್ರ ಎಮ್ಮಿಗೆ ಜಡಿ ಯಾಕ ಹಾಕ್ಯಾಳವಾ? ಮ್ಯಾಲ ಮಲ್ಲಿಗಿ ದಂಡಿ ಬ್ಯಾರೆ.”

ಬಾಳೇಶ ಬಾಯಿಗೆ ಕರವಸ್ತ್ರ ಒತ್ತಿಕೊಂಡರೂ ಅವರ ಭುಜಗಳು ಕುಣಿಯುತ್ತಿದ್ದವು. ಆ ಭುಜಗಳು ನನಗೆ ಹಿಡಿಸಿದವು ಎಂಬುದನ್ನು ತಮ್ಮೊಬ್ಬರಿಗೇ ಹೇಳುತ್ತಿದ್ದೇನೆ. ಕಾಕಾ ಮಾತ್ರ ಚಹಾ ಬಿಟ್ಟು ಎದ್ದರು.

ಪದ ಎಲ್ಲಿ ಹುಟ್ಟಿತೆಂಬಲ್ಲಿ ತಾವು ಬರೀ ಪ್ರಶ್ನೆಯ ಗುರುತು ಹಾಕಿದ್ದೀರಿ, ಅದು ತಮ್ಮ ದೊಡ್ಡತನ. ಕೋಳಿ ತಿಪ್ಪೆ ಕೆದರುವುದರಿಂದ ಬಂದಿದೆ ಎಂದು ನಮ್ಮ ಅಪ್ಪ ಸಿಟ್ಟಿನಲ್ಲಿ ಹೇಳುತ್ತಾನೆ. ಬಾಯಿ ಬಿಡಬಾರದ ಕಡೆ ಕುಳ್ಳಿರಿಸಿದ ಯಾರದೋ ಕೈಯಲ್ಲಿ ಪೆನ್ನು ಉಳಿದುಹೋದಾಗ ಹುಟ್ಟಿರಬೇಕು ಎಂದು ನನ್ನ ಅಲ್ಪಬುದ್ಧಿಗೆ ತೋರುತ್ತದೆ.

ಆದ್ದರಿಂದ ತಾವು ದಯಮಾಡಿ ಹಲಗೆಯಿಂದಿಳಿದು, ಹಳಿಯಾಳದ ಬಸ್ಸು ಹತ್ತಿ, ಸಾತಪ್ಪನವರ ಪಡಸಾಲೆಯಲ್ಲಿ ತಮ್ಮ ಅರ್ಥವನ್ನು ಸಾಬೀತು ಮಾಡಿಕೊಡಬೇಕು. ಅವರು ಮೊದಲು ತಮ್ಮನ್ನು ನಡೆಸಿ ನೋಡುತ್ತಾರೆ, ಸಹಕರಿಸಿರಿ. ಅದಾಗದಿದ್ದರೆ ಮುಂದಿನ ಮುದ್ರಣದಲ್ಲಿ ಆ ಅರ್ಥ ತೆಗೆದು ನನ್ನ ಎಮ್ಮೆಯನ್ನೇ ಅಚ್ಚು ಹಾಕಿಸಬೇಕು.

ಇಷ್ಟಾದರೂ ತಮ್ಮನ್ನು ಪೂರ್ತಿ ಕೈಬಿಡದ,
ತಮ್ಮ ವಿಶ್ವಾಸಿ,
ನಿರ್ಮಲಾ

ತಾ.ಕ.: ಪತ್ರ ಮಡಚುವಷ್ಟರಲ್ಲಿ ಬಾಳೇಶ ಫೋನ್ ಮಾಡಿದ್ದರು. “ಕಾಕಾ ಬರಂಗಿಲ್ಲಂತ್ರಿ. ಬರೂ ರವಿವಾರ ನಾ ಒಬ್ಬಾವನ ಬರ್ತೇನಿ, ಬೇಕಾದ್ರ ನಡದೂ ತೋರಸ್ತೇನಿ. ಆ ಪೇಪರ್ ಒಗದಿಲ್ಲ ಹೌದಲ್ರಿ?” ಎಂದರು. ಒಗೆದಿಲ್ಲ ಎಂದೆ. ಅರ್ಥ ತಿಳಿದವರೇ ಬರುತ್ತಿರುವುದರಿಂದ ತಾವು ಹಲಗೆಯಿಂದಿಳಿಯುವ ತೊಂದರೆ ತೆಗೆದುಕೊಳ್ಳಬೇಕಿಲ್ಲ.