ಏನು ಮಿಸ್ಸಿಂಗ್?

ಪುರಾವೆಯಿಲ್ಲದೆ ಪಕ್ಕದ ಮನೆಯ ಬೆಕ್ಕನ್ನೂ ಕಳ್ಳಬೆಕ್ಕೆನ್ನಲು ಒಪ್ಪದ ಮನುಷ್ಯರಾದ್ದರಿಂದ ನೆಂಟರಿಷ್ಟರಲ್ಲಿ ಅವರಿಗೆ ಪುರಾವೆರಾಯರೆಂದೇ ಹೆಸರು. ಹೆಂಡತಿಯ ಡ್ರೈವಿಂಗ್ ಪರೀಕ್ಷೆಯ ಹಿಂದಿನ ಸಂಜೆ ಅವರಿಗೊಂದು ದಿವ್ಯ ಆಲೋಚನೆ ಹೊಳೆಯಿತು: ಕಾರಿನ ಸ್ಪಾರ್ಕ್ ಪ್ಲಗ್ಗುಗಳನ್ನು ತಾವೇ ಬದಲಿಸಿಬಿಡುವುದು. ಕಾರು ಅಲ್ಲಿಯವರೆಗೆ ಚೆನ್ನಾಗಿಯೇ ಓಡುತ್ತಿತ್ತು. (ಚೆನ್ನಾಗಿ ಓಡುವುದನ್ನು ಇನ್ನಷ್ಟು ಚೆನ್ನಾಗಿ ಓಡಿಸಹೊರಟವರಿಂದಲೇ ಗ್ಯಾರೇಜುಗಳ ಹೊಟ್ಟೆ ತುಂಬುವುದು.)

ಬೆಳಿಗ್ಗೆ ಒಂಬತ್ತಕ್ಕೆ ಚಾವಿ ತಿರುಗಿಸಿದರೆ, ಎಂಜಿನ್ನು ಬರೆದುಕೊಂಡು ಬಂದ ಚೀಟಿ ಕಳೆದುಕೊಂಡ ಭಾಷಣಕಾರನಂತೆ ಗುಡುಗಿತು, ತಡವರಿಸಿತು, ಗಡಗಡ ನಡುಗಿ ಮೌನ ತಾಳಿತು. ಪರೀಕ್ಷೆ ಇದ್ದದ್ದು ಹನ್ನೊಂದಕ್ಕೆ. ಹೆಂಡತಿ ಆಗಲೇ ಎರಡು ಸಲ ನಪಾಸಾಗಿದ್ದಳು. ಈ ಸಲವೂ ಕೈತಪ್ಪಿದರೆ ಇನ್ನೆರಡು ತಿಂಗಳು ಕಾಯಬೇಕು. ಅಂದರೆ ಇನ್ನೆರಡು ತಿಂಗಳು ಪುರಾವೆರಾಯರ, ಗಂಟೆಗೆ ಇಪ್ಪತ್ತೈದು ಕಿಲೋಮೀಟರಿನ, ಸಾರಥ್ಯವೇ ಗತಿ.

"ನಿನ್ನೆ ನೀವು ಕೈ ಹಾಕೋವರೆಗೂ ಸರಿ ಇತ್ತಲ್ಲ ರೀ," ಎಂದಳು.

"ಆಮೇಲೆ ಕೆಟ್ಟಿತು ಅಂದಮಾತ್ರಕ್ಕೆ ಅದರಿಂದಲೇ ಕೆಟ್ಟಿತು ಅಂತ ಆಗಲ್ಲ ಕಣೇ."

ಹೀಗೆಂದವರೇ ವೈಜ್ಞಾನಿಕ ತನಿಖೆಗೆ ಇಳಿದರು. ಎಂಜಿನ್ನನ್ನು ಮತ್ತೆ ಸ್ಟಾರ್ಟ್ ಮಾಡಿ, ಅದು ನಡುಗುತ್ತಿರುವಾಗಲೇ ಒಂದೊಂದು ಪ್ಲಗ್ಗಿನ ವೈರನ್ನೂ ಕಿತ್ತು, ಪರಿಣಾಮವನ್ನು ನೋಟ್‌ಬುಕ್ಕಿನ ಕೋಷ್ಟಕದಲ್ಲಿ ಬರೆದರು. ಎರಡನೆಯ ವೈರು ಮೊಣಕೈವರೆಗೆ ಕೊಟ್ಟ ಏಟನ್ನೂ 'ಷರಾ' ಎಂಬಲ್ಲಿ ಪ್ರಾಮಾಣಿಕವಾಗಿ ದಾಖಲಿಸಿದರು. ಕೆಟ್ಟ ಪ್ಲಗ್ಗಿನ ವೈರಾದರೆ ಕಿತ್ತರೂ ವ್ಯತ್ಯಾಸವಾಗಬಾರದು; ಇಲ್ಲಿ ಯಾವುದನ್ನು ಕಿತ್ತರೂ ನಡುಕ ಒಂದೇ ಸಮ ಹೆಚ್ಚುತ್ತಿತ್ತು. ನಾಲ್ಕು ಪ್ಲಗ್ಗುಗಳೂ ನಿರಪರಾಧಿಗಳೆಂದು ತೀರ್ಪಾಯಿತು. ಅಪರಾಧಿ ಮಾತ್ರ ಸಿಗಲಿಲ್ಲ.

ಹತ್ತಾಯಿತು. ಹೆಂಡತಿ ಮೆಕ್ಯಾನಿಕ್ಕಿಗೆ ಫೋನ್ ಮಾಡಿ, ಅದನ್ನು ಎಂಜಿನ್ನಿನ ಮುಂದೆ ಹಿಡಿದಳು. ಅವನು ಕೇಳಿಸಿಕೊಂಡು, ಮಧ್ಯಾಹ್ನದವರೆಗೆ ಬಿಡುವಿಲ್ಲವೆಂದ. "ಮಿಸ್ಸಿಂಗ್ ಇದೆ ಮೇಡಂ," ಎಂದಷ್ಟೇ ಹೇಳಿ ಫೋನಿಟ್ಟ.

"ಏನು ಮಿಸ್ಸಿಂಗ್ ಅಂತ ಹೇಳಲೇ ಇಲ್ಲ. ಬನ್ನಿ, ಹುಡುಕೋಣ."

ಪುರಾವೆರಾಯರು ಕರುಣೆಯಿಂದ ನಕ್ಕರು. ಮೆಕ್ಯಾನಿಕ್ಕುಗಳ ಭಾಷೆಯಲ್ಲಿ ಮಿಸ್ಸಿಂಗ್ ಎಂದರೆ ವಸ್ತು ಕಳೆದಿದೆ ಎಂದಲ್ಲ, ಸಿಲಿಂಡರಿನೊಳಗೆ ದಹನ ತಪ್ಪುತ್ತಿದೆ ಎಂದು. ಇಷ್ಟಕ್ಕೇ ನಿಲ್ಲಿಸದೆ ದಹನದ ಮೂಲತತ್ತ್ವಗಳಿಗೆ ಕೈಯಿಟ್ಟರು. ವಿವರಣೆ ಪೆಟ್ರೋಲು-ಗಾಳಿಯ ಅನುಪಾತವನ್ನು ತಲುಪುವಷ್ಟರಲ್ಲಿ ಕೇಳುತ್ತಿದ್ದವಳೇ ಮಿಸ್ಸಿಂಗ್.

ಹಿಂದಿನ ಅಂಗಳದಿಂದ ಬಂದವಳ ಕೈಯಲ್ಲಿ ಬೆರಳುದ್ದದ ಕಪ್ಪು ರಬ್ಬರ್ ಕೊಳವೆಯಿತ್ತು. "ಬಟ್ಟೆ ಒಣಗಿಸೋ ಹಗ್ಗದ ಮೇಲಿತ್ತು. ನಿಮ್ಮ ಎರಡು ಕಾಲುಚೀಲದ ನಡುವೆ, ಕ್ಲಿಪ್ ಹಾಕಿ."

ಪ್ಲಗ್ಗಿಗೆ ಅಡ್ಡವಾಗಿದ್ದ ಅದನ್ನು ಹಿಂದಿನ ಸಂಜೆ ಬಿಚ್ಚಿ, ಕೊಳಕಾಗಿದೆಯೆಂದು ಸೋಪು ಹಚ್ಚಿ ತೊಳೆದು ಒಣಹಾಕಿ ಮರೆತವರು ಸಾಕ್ಷಾತ್ ಪುರಾವೆರಾಯರೇ. ಅದಿಲ್ಲದ ತೂತಿನಿಂದ ಎಂಜಿನ್ನು ಬೇಡದ ಗಾಳಿ ಕುಡಿದು ಬಿಕ್ಕುತ್ತಿತ್ತು. ಸಿಕ್ಕಿಸಿದೊಡನೆ ನಡುಕ ನಿಂತಿತು.

"ನಿನ್ನ ತರ್ಕ ತಪ್ಪು. ಉತ್ತರ ಮಾತ್ರ ಸರಿ."

"ಉತ್ತರ ಸರಿ ಇದ್ರೆ ಪಾಸ್ ಮಾಡ್ತಾರೆ, ನಡೀರಿ."

ಪಾಸೂ ಆದಳು. ಪರೀಕ್ಷಿಸಿದ ಅಧಿಕಾರಿ ಎಂಜಿನ್ನಿನ ಸದ್ದನ್ನು ಮೆಚ್ಚಿ, ಕೆಲಸ ಯಾರದೆಂದು ವಿಚಾರಿಸಿದರು. ಅವಳು ಧಾರಾಳವಾಗಿ ಗಂಡನತ್ತ ಕೈ ತೋರಿಸಿದಳು. ಪುರಾವೆರಾಯರು ವಿನಯದಿಂದ ನಿರಾಕರಿಸಬೇಕೆಂದುಕೊಂಡರು, ಆದರೆ ಹೊಗಳಿಕೆಯನ್ನು ಒಂದು ಗಳಿಗೆ ಸವಿದರು. ಅಷ್ಟರಲ್ಲಿ ಅಧಿಕಾರಿ ಸ್ಟಾರ್ಟೇ ಆಗದ ತಮ್ಮ ಹಳೆಯ ಸ್ಕೂಟರನ್ನು ತಳ್ಳಿಕೊಂಡು ಬಂದು ಅವರೆದುರು ನಿಲ್ಲಿಸಿಯಾಗಿತ್ತು.

ಹೆಂಡತಿ ಕಾರಿನ ಗಾಜಿಳಿಸಿದಳು.

"ನೀವು ನಿಧಾನವಾಗಿ ಮುಗಿಸಿ ಬಸ್ಸಲ್ಲಿ ಬನ್ನಿ ರೀ. ಇನ್ಮೇಲೆ ನನ್ನ ಪಕ್ಕ ಯಾರೂ ಕೂತಿರಬೇಕಾಗಿಲ್ಲವಂತೆ."

ಕನ್ನಡಿ ನೋಡಿ, ಇಂಡಿಕೇಟರ್ ಹಾಕಿ, ಸಕಲ ನಿಯಮಗಳನ್ನೂ ಪಾಲಿಸುತ್ತ ಹೊರಟೇಹೋದಳು.